ಕಪಾಟಿನ ಹಿಂದಿನ ದೇಶ

ಉಣ್ಣಲು ಬಂದವರ ಹೆಸರು ಕೇಳಬಾರದು. ಇದು ಅನ್ನಪೂರ್ಣಾ ಅಕ್ಕೋರ ತವರುಮನೆಯ ಕಟ್ಟಳೆ. ಹುಕ್ಕೇರಿ ತಾಲೂಕಿನ ದಡ್ಡಿಯಲ್ಲಿ ಅವರ ತಾಯಿ ಸುಂದ್ರವ್ವ ಹಣೆಗೆ ವಿಭೂತಿ ಹಚ್ಚಿಕೊಂಡು ಒಲೆಯ ಮುಂದೆ ಕೂತರೆಂದರೆ, ಬಾಗಿಲಿಗೆ ಬಂದವನು ಯಾವ ಊರವ, ಯಾರ ಮಗ ಎಂದು ಮನೆಯಲ್ಲಿ ಯಾರೂ ತುಟಿ ಪಿಟಕ್ಕೆನ್ನುವಂತಿರಲಿಲ್ಲ.

"ಹೆಸರ ಕೇಳಿದ್ರ ಅನ್ನ ಅವರ ಗಂಟಲದಾಗ ನಿಂದರತೈತಿ. ನೀಡಬೇಕು, ಸುಮ್ಮನಾಗಬೇಕು. ಅದಕ್ಕ ದಾಸೋಹ ಅಂತಾರ" ಎಂದು ಸುಂದ್ರವ್ವ ಮಕ್ಕಳಿಗೆ ಕಲಿಸಿದ್ದರು.

ಇದಕ್ಕಿಂತ ಒಳ್ಳೆಯ ಪಾಠವನ್ನು ಯಾವ ತಾಯಿ ತಾನೇ ಕಲಿಸಿಯಾಳು? ಆದರೆ ಒಳ್ಳೆಯ ಪಾಠಗಳ ಗುಣವೇ ಹಾಗೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವುದಿಲ್ಲ. ಆ ಮಾತು ಅಕ್ಕೋರ ಐವತ್ತೆರಡನೆಯ ವಯಸ್ಸಿನಲ್ಲಿ, ಗೋಕಾಕದ ಒಂದು ಸಭಾಭವನದಲ್ಲಿ, ನಲವತ್ತು ಮಂದಿ ಮಾಸ್ತರರ ಎದುರು ಅವರ ಕೊರಳಪಟ್ಟಿ ಹಿಡಿಯಿತು.

ಅಕ್ಕೋರು ಕಲಿಸುವುದು ಕುಲಗೋಡದ ಆಚೆ, ಕಬ್ಬಿನ ಹೊಲಗಳ ನಡುವೆ ಇರುವ ಉದ್ದವ್ವನ ತೋಟದ ಸಾಲೆಯಲ್ಲಿ. ಉದ್ದವ್ವ ಎಂಬ ಮುದುಕಿ ಜಾಗ ಕೊಟ್ಟಿದ್ದರಿಂದ ಆ ಹೆಸರು. ಎರಡು ಕೋಣೆ, ಮುಂದೊಂದು ಪಡಸಾಲೆ, ಅಡುಗೆಗೆ ಒಂದು ತಗಡಿನ ಮನೆ. ಇಪ್ಪತ್ತು ವರ್ಷದಿಂದ ಅವರು ಅಲ್ಲಿಂದ ಅಲುಗಾಡಿಲ್ಲ. ಮಕ್ಕಳ ಅಂಗಿಯ ಗುಂಡಿ ಹರಿದರೆ ಅವರ ಚೀಲದಲ್ಲಿ ಸೂಜಿ ದಾರ ಸಿದ್ಧ. ತಲೆಯಲ್ಲಿ ಹೇನಿದ್ದರೆ ಎಣ್ಣೆ ಹಚ್ಚಿ ಬಾಚುವವರೂ ಅವರೇ. ಬಂದ ಮೊದಲ ವರ್ಷವೇ ಒಬ್ಬ ಪೇಂಟರನನ್ನು ಹಿಡಿದು ತಂದು, ಎರಡು ದಿನ ತಲೆಯ ಮೇಲೆ ನಿಂತು, ಬೋರ್ಡಿನ ಬಲಕ್ಕೆ ಗೋಡೆಯ ತುಂಬ ಜಗತ್ತಿನ ನಕ್ಷೆ ಬರೆಸಿದ್ದರು. "ನಮ್ಮ ಹುಡುಗೂರು ಕಬ್ಬು ಬಿಟ್ಟ ಬ್ಯಾರೆ ಏನರ ನೋಡ್ಲಿ" ಎಂಬುದು ಅವರ ಆಸೆ. ಅದರ ಬಣ್ಣ ಮಾಸಿದಾಗಲೆಲ್ಲ ಮತ್ತೆ ಬಳಿಸುತ್ತಿದ್ದರು.

ಆ ಸಾಲೆಗೆ ಪ್ರತಿವರ್ಷ ಕಬ್ಬಿನ ಸುಗ್ಗಿಯಲ್ಲಿ ಇನ್ನಷ್ಟು ಮಕ್ಕಳು ಬರುತ್ತಿದ್ದರು. ಮಹಾರಾಷ್ಟ್ರದ ಬೀಡ ಕಡೆಯಿಂದ ಕಬ್ಬು ಕಡಿಯುವ ಟೋಳಿಗಳು ದೀಪಾವಳಿ ಮುಗಿಯುತ್ತಲೇ ಬಂದಿಳಿದು, ಹೊಲದ ಬದಿಗೆ ಗುಡಿಸಲು ಹಾಕಿ, ಮಾರ್ಚಿನಲ್ಲಿ ಎದ್ದುಹೋಗುತ್ತವೆ. ವರ್ಷ ವರ್ಷ ಬರುವುದರಿಂದ ಮಕ್ಕಳಿಗೆ ಇಲ್ಲಿನ ಮಾತೂ ಬರುತ್ತದೆ. ತಂದೆತಾಯಿ ನಸುಕಿನಲ್ಲೇ ಕುಡಗೋಲು ಹಿಡಿದು ಹೋದರೆ ಮಕ್ಕಳು ಏನು ಮಾಡಬೇಕು? ತಾಟು ಹಿಡಿದುಕೊಂಡು ಸಾಲೆಯ ಪಡಸಾಲೆಗೆ ಬಂದು ಕೂಡುತ್ತಿದ್ದವು. ಮಧ್ಯಾಹ್ನ ಬಿಸಿಯೂಟ ಬಡಿಸಿದ ಮೇಲೆ ಅಡುಗೆಯ ಪಾರವ್ವ "ಟೋಳಿ ಹುಡುಗೂರು ಬರ್ರೆಪಾ" ಎಂದು ಕೂಗುತ್ತಿದ್ದಳು. ಉಳಿದದ್ದು ಅವರಿಗೆ. ಉಳಿಯದಿದ್ದರೆ ಅಕ್ಕೋರು ತಮ್ಮ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಹಂಚುತ್ತಿದ್ದರು. ಬಯ್ದವರಲ್ಲ, ಓಡಿಸಿದವರಲ್ಲ. ಹೆಸರು ಮಾತ್ರ ಕೇಳಿದವರಲ್ಲ.

ಹಾಜರಿ ಪುಸ್ತಕದಲ್ಲಿ ಆ ಮಕ್ಕಳ ಹೆಸರು ಹಚ್ಚದಿರುವುದು ಸಾಲೆಗೂ ಅನುಕೂಲವೇ ಆಗಿತ್ತು. ಹಚ್ಚಿದರೆ ಮಾರ್ಚಿನಲ್ಲಿ ಅವು ಊರಿಗೆ ಹೋದಾಗ "ಸಾಲೆ ಬಿಟ್ಟ ಮಕ್ಕಳು" ಎಂದು ಮೇಲಿನವರು ಕೇಳುತ್ತಾರೆ. ತಾಯಿಯ ಧರ್ಮವೂ ಕಚೇರಿಯ ಧರ್ಮವೂ ಹೀಗೆ ಒಂದಕ್ಕೊಂದು ಕೈ ಹಿಡಿದು ಇಪ್ಪತ್ತು ವರ್ಷ ಸುಖವಾಗಿ ಸಂಸಾರ ಮಾಡಿದ್ದವು.

ಈ ಜನವರಿಯಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಶಿಕ್ಷಕರಿಗೆ ಗೋಕಾಕದಲ್ಲಿ ಐದು ದಿನದ ತರಬೇತಿ ಬಂತು. ವಿಷಯ ಜಾಗತಿಕ ಪೌರತ್ವ. ಅಂದರೆ, ತಮ್ಮ ಓಣಿಯಾಚೆಯ ಮನುಷ್ಯರೂ ತಮ್ಮವರೇ ಎಂದು ಮಕ್ಕಳಿಗೆ ತಿಳಿಯುವ ಹಾಗೆ ಕಲಿಸುವುದು ಹೇಗೆ ಎಂಬುದು. ತರಬೇತಿ ಎಂದರೆ ನಮ್ಮ ಮಾಸ್ತರರಿಗೆ ಎರಡು ಸಹಿ, ಎರಡು ಚಹಾ, ಒಂದು ನಿದ್ದೆ. ಹುಕ್ಕೇರಿಯ ಅಲ್ಲಪ್ಪ ಮಾಸ್ತರರಂತೂ ಮೊದಲ ದಿನವೇ, "ಪಂಚಾಯತಿ ಒಳಗ ನನ್ನ ಮನಿ ಉತಾರದ ಕಾಗದ ಸಿಗವಲ್ದು, ಇನ್ನ ಜಗತ್ತಿನ ಪೌರತ್ವ ಯಾರ ಕೊಡತಾರ್ರಿ?" ಎಂದು ಭವನವನ್ನೆಲ್ಲ ನಗಿಸಿದರು.

ಕಲಿಸಲು ಆಯ್ಕೆಯಾದವರಲ್ಲಿ ಅನ್ನಪೂರ್ಣಾ ಅಕ್ಕೋರು ಮುಖ್ಯರು. ಅವರಿಗೆ ಇದರಲ್ಲಿ ಒಂದು ಆಸೆಯೂ ಇತ್ತು, ಮುಚ್ಚಿಡುವುದೇಕೆ? ಐದನೆಯ ದಿನ, ಶುಕ್ರವಾರ, ಅವರದೇ ತೋಟದ ಸಾಲೆಯಲ್ಲಿ ಅವರು ಮಾದರಿ ಪಾಠ ಮಾಡಬೇಕು. ನಲವತ್ತು ಶಿಕ್ಷಕರು, ಮೇಲಿನ ಅಧಿಕಾರಿ ಕೂತು ನೋಡುತ್ತಾರೆ. ಪಾಠ ಚೆನ್ನಾದರೆ ಬೆಂಗಳೂರಿನಲ್ಲಿ ತರಬೇತಿ ಕೊಡುವ ರಾಜ್ಯದ ತಂಡಕ್ಕೆ ಅವರ ಹೆಸರು ಹೋಗುತ್ತದೆ. ಇಷ್ಟು ವರ್ಷದ ನೌಕರಿಯಲ್ಲಿ ಬೆಳಗಾವಿಯ ಆಚೆ ಅವರನ್ನು ಯಾರೂ ಕರೆದಿರಲಿಲ್ಲ.

ಮಂಗಳವಾರ ಅವರು ಪರದೆಯ ಮೇಲೆ ಒಂದು ಫೋಟೋ ತೋರಿಸಿದರು. ಯಾವುದೋ ದೂರದ ದೇಶದ ಗಡಿಯಲ್ಲಿ ತಂತಿಬೇಲಿಗೆ ಮುಖ ಹಚ್ಚಿ ನಿಂತ ಐದಾರು ಮಕ್ಕಳು. "ಹೆಸರ ಗೊತ್ತಿಲ್ಲದ ಕೂಸಿನ ದುಃಖ ನಮಗ ಮುಟ್ಟಂಗಿಲ್ರಿ. ಮೊದಲ ಇವಕ್ಕ ಒಂದೊಂದ ಹೆಸರ ಇಡ್ರಿ" ಎಂದರು. ಮಾಸ್ತರರು ಹೆಸರಿಟ್ಟರು. ಹೆಸರಿಟ್ಟ ಮೇಲೆ ಆ ಮಕ್ಕಳಿಗಾಗಿ ನಾಲ್ಕಾರು ಜನ ನಿಜಕ್ಕೂ ಕಣ್ಣೊರೆಸಿಕೊಂಡರು. ನಿದ್ದೆ ಮಾಡಲು ಬಂದಿದ್ದ ಅಲ್ಲಪ್ಪ ಮಾಸ್ತರರು ಮೂಗು ಒರೆಸಿಕೊಂಡದ್ದನ್ನು ನಾನು ಬೇರೆ ಹೇಳಬೇಕಿಲ್ಲ.

ಅದೇ ಮಧ್ಯಾಹ್ನ ಅಕ್ಕೋರು ಹೊರಗೆ ಬಂದು ತಮ್ಮ ಹೆಡ್‌ಮಾಸ್ತರ ಶಿವಪುತ್ರ ಅವರಿಗೆ ಫೋನು ಹಚ್ಚಿದರು.

"ಸರ, ಶುಕ್ರವಾರ ದೊಡ್ಡವರು ಬರತಾರ. ಪಡಸಾಲಿ ಸ್ವಚ್ಛ ಇರ್ಲಿ. ಟೋಳಿ ಹುಡುಗೂರಿಗೆ ಅವತ್ತೊಂದ ದಿನ ಬರಬ್ಯಾಡ್ರಿ ಅಂತ ಹೇಳಿಬಿಡ್ರಿ. ಪಾಪ, ಊಟ ಪಾರವ್ವನ ಕೈಲೆ ಗುಡಸಲಕ್ಕ ಕಳಸೂನು."

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಇದೆಯಲ್ಲ, ಅದನ್ನು ಇಲ್ಲಿ ಹಚ್ಚಲು ನನಗೆ ಮನಸ್ಸು ಬರುವುದಿಲ್ಲ. ಬದನೆಕಾಯಿ ತಿನ್ನುವವನಿಗೆ ತಾನು ತಿನ್ನುತ್ತಿದ್ದೇನೆಂದಾದರೂ ಗೊತ್ತಿರುತ್ತದೆ. ಅಕ್ಕೋರಿಗೆ ಗೊತ್ತೇ ಇರಲಿಲ್ಲ.

ಬುಧವಾರದ ಆಟ ಬೇರೆ ತರಹದ್ದು. ಭವನದ ನಡುವೆ ಸುಣ್ಣದ ಕಡ್ಡಿಯಿಂದ ಒಂದು ಉದ್ದ ಗೆರೆ. ಒಬ್ಬೊಬ್ಬರೂ ಬಂದು ಗೆರೆಯ ಈಚೆ ನಿಲ್ಲಬೇಕು, ತನಗೆ ದೊಡ್ಡ ಜಗತ್ತನ್ನು ಮೊದಲು ತೋರಿಸಿದವರು ಯಾರೆಂದು ಹೇಳಬೇಕು, ಆಮೇಲೆ ದಾಟಬೇಕು. ಅಲ್ಲಪ್ಪ ಮಾಸ್ತರರು ಲಾರಿಯಲ್ಲಿ ಕೊಲ್ಹಾಪುರಕ್ಕೆ ಕರೆದೊಯ್ದ ಕಾಕಾನನ್ನು ನೆನೆದರು. ಇನ್ನೊಬ್ಬರು ರೇಡಿಯೋ ನೆನೆದರು. ಹನ್ನೊಂದನೆಯವಳು ಸಂಕೇಶ್ವರದ ಕಡೆಯಿಂದ ಬಂದಿದ್ದ ಇಪ್ಪತ್ತಾರರ ಹುಡುಗಿ, ವಿದ್ಯಾ. ನೌಕರಿಗೆ ಸೇರಿ ವರ್ಷ ತುಂಬಿರಲಿಲ್ಲ. ಗೆರೆಯ ಹತ್ತಿರ ಬಂದವಳು ಎಲ್ಲರನ್ನೂ ಬಿಟ್ಟು ಅನ್ನಪೂರ್ಣಾ ಅಕ್ಕೋರ ಕಡೆಗೆ ತಿರುಗಿ ಕೈಮುಗಿದಳು.

"ನನಗ ಜಗತ್ತ ತೋರಿಸಿದವರು ಈ ಅಕ್ಕೋರು. ಇವರಿಗೆ ನನ್ನ ಗುರ್ತ ಹತ್ತಿಲ್ಲ. ನಾ ಇವರ ಸಾಲ್ಯಾಗ ನಾಕ ಸುಗ್ಗಿ ಕಲ್ತೇನಿ."

ಭವನ ಮೆಚ್ಚುಗೆಯಿಂದ ಗುಜುಗುಟ್ಟಿತು. ಅಕ್ಕೋರು ನಗುತ್ತಲೇ ನೆನಪಿನ ಗಂಟು ಬಿಚ್ಚಿದರು. ವಿದ್ಯಾ? ಯಾವ ವಿದ್ಯಾ? ಕಲಿತ ಮಕ್ಕಳ ಹೆಸರನ್ನು ಅವರು ಮರೆತವರಲ್ಲ. ನಾಕು ಸುಗ್ಗಿ ಎಂದಳೇ, ನಾಕು ವರ್ಷ ಎನ್ನಲಿಲ್ಲವಲ್ಲ?

"ನಮ್ಮಪ್ಪ ಅವ್ವ ಟೋಳಿಯವರು. ನಾ ಹೊರಗ ಪಡಸಾಲ್ಯಾಗ, ಕಿಡಕಿ ಬುಡಕ ಕೂಡತಿದ್ದೆ. ಅಕ್ಕೋರು ಒಂದ ದಿನಾನೂ ಏಳು ಅನ್ಲಿಲ್ಲ. ಅಲ್ಲಿಂದ ಬೋರ್ಡ ಪೂರಾ ಕಾಣತಿತ್ತು. ಬೋರ್ಡ ನೋಡ್ಕೋತನ ನಾ ಕನ್ನಡ ಓದಾಕ ಕಲ್ತೆ. ಜಗತ್ತಿನ ನಕ್ಷಾನೂ ಕಾಣತಿತ್ತು, ಖರೆ ಅರ್ಧ. ಅಡ್ಡ ಒಂದ ಕಪಾಟ ಇತ್ತ ನೋಡ್ರಿ. ಅಮೆರಿಕಾ ಕಾಣತಿತ್ತು, ಆಫ್ರಿಕಾ ಕಾಣತಿತ್ತು. ನಮ್ಮ ಭಾರತ ಕಪಾಟಿನ ಹಿಂದ!" ಎಂದು ವಿದ್ಯಾ ತಾನೇ ನಕ್ಕಳು. "ಮುಂದ ಅಪ್ಪಗ ಸಂಕೇಶ್ವರದ ಕಡೆ ಕಾಯಂ ಕೆಲಸ ಸಿಕ್ಕಿತು, ಸಾಲಿಗೆ ಹಚ್ಚಿದ್ರು. ಅವಾಗ ಪುಸ್ತಕದಾಗ ನೋಡಿದೆ, ನಮ್ಮ ದೇಶ ಎಲ್ಲೈತಿ ಅಂತ. ಅಲ್ಲೀತನಾ ಹೊರಗಿಂದ ಇಷ್ಟ ಕಲ್ತಿದ್ದು, ಇದು ಅಕ್ಕೋರ ಪುಣ್ಯ."

ಚಪ್ಪಾಳೆ ಬಿತ್ತು. ಎಂಥ ಚಪ್ಪಾಳೆ! ಅಲ್ಲಪ್ಪ ಮಾಸ್ತರರು ಎದ್ದು ನಿಂತು ತಟ್ಟಿದರು. ವಿದ್ಯಾ ಗೆರೆ ದಾಟಿ ಬಂದು ಕಾಲು ಮುಟ್ಟಿದಳು.

ಅಕ್ಕೋರು ಅವಳನ್ನು ಎತ್ತಿ ನಿಲ್ಲಿಸಿದರು. ಎಲ್ಲರೂ ಹೊಗಳಿಕೆ ಕೇಳಿಸಿಕೊಂಡರು, ಅವರೊಬ್ಬರಿಗೇ ಮಾತಿನ ಒಳಗಿನ ಮಾತು ಕೇಳಿಸಿತು. ನಾಲ್ಕು ಸುಗ್ಗಿ. ಬಾಗಿಲಿಗೆ ಹತ್ತು ಹೆಜ್ಜೆ. ಒಳಗೆ ಬಾ ಎನ್ನಲು ಒಂದು ಉಸಿರು ಸಾಕಿತ್ತು, ಅಷ್ಟನ್ನೂ ಅವರು ಖರ್ಚು ಮಾಡಿರಲಿಲ್ಲ. ಕಿಟಕಿ ಮತ್ತು ನಕ್ಷೆಯ ನಡುವಿನ ಮೂಲೆಯಲ್ಲಿ ಆ ಕಪಾಟನ್ನು ಇಡಿಸಿದ್ದೂ ಅವರೇ, ಚಳಿಗಾಲದಲ್ಲಿ ಮೂಲೆಯ ಗಾಳಿ ಒಳಗಿನ ಮಕ್ಕಳಿಗೆ ಬಡಿಯಬಾರದೆಂದು.

ಚಹಾದ ಹೊತ್ತಿಗೆ ವಿದ್ಯಾಳನ್ನು ಬೇವಿನ ಗಿಡದ ಕೆಳಗೆ ಕರೆದೊಯ್ದರು.

"ಅವಾಗೂ ನಿನ್ನ ಹೆಸರ ವಿದ್ಯಾನ ಏನವ್ವಾ?"

"ಹೌದ್ರಿ ಅಕ್ಕೋರ."

"ನಾ ಕೇಳೇ ಇಲ್ಲ?"

"ನೀವು ಯಾರ್ದೂ ಕೇಳತಿದ್ದಿಲ್ರಿ. ನಮ್ಮವ್ವ ಅಂತಿದ್ಲು, ಭಾಳ ಛಲೋ ಅಕ್ಕೋರು, ಊಟಾ ಕೊಡತಾರ, ಏನೂ ಕೇಳಂಗಿಲ್ಲ ಅಂತ." ವಿದ್ಯಾ ಕಪ್ಪಿನೊಳಗೆ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಅಕ್ಕೋರಿಗೆ ಸಹಿಸಲಾಗಲಿಲ್ಲ. "ನನಗ ಮಾತ್ರ ಅನಸ್ತಿತ್ರಿ, ಒಮ್ಮೆ ಕೇಳಿದ್ರ ಛಲೋ ಇತ್ತು ಅಂತ. ಮುಂಜಾನೆ ನೀವು ಹಾಜರಿ ಕರೀತಿದ್ರಿ ನೋಡ್ರಿ, ಎಲ್ಲಾರ ಹೆಸರ ಮುಗದ ಮ್ಯಾಲ ನಾನೂ ಸಣ್ಣಗ 'ಹಾಜರ್ರಿ' ಅಂತಿದ್ದೆ. ಹುಚ್ಚ ಹುಡುಗಿ."

ತಾಯಿ ಕಲಿಸಿದ್ದು ಅನ್ನಕ್ಕೆ ಸಂಬಂಧಿಸಿದ್ದು. ಅದನ್ನು ತಾವು ಅಕ್ಷರಕ್ಕೂ ಹಚ್ಚಿಬಿಟ್ಟಿದ್ದರು. ಉಂಡು ಹೋಗುವವನ ಹೆಸರು ಬೇಡ, ಸರಿ. ಕಲಿಯಲು ಬಂದ ಕೂಸಿನ ಹೆಸರು ಕೇಳದವಳು ಎಂಥ ಅಕ್ಕೋರು? ಇಪ್ಪತ್ತು ವರ್ಷ, ವರ್ಷಕ್ಕೆ ಐದಾರು ಮಕ್ಕಳೆಂದರೂ ನೂರು ಮಂದಿ. ನೂರು ಮುಖದಲ್ಲಿ ಒಂದೂ ನೆನಪಿಗೆ ಬರಲಿಲ್ಲ. ತಾಟುಗಳು ಮಾತ್ರ ನೆನಪಿಗೆ ಬಂದವು. ಆಗ ಮಂಗಳವಾರದ ಫೋನೂ ನೆನಪಾಯಿತು.

ಗುರುವಾರದ ಪಾಠ ಇನ್ನೊಬ್ಬರಿಗೆ ಒಪ್ಪಿಸಿ ಬೆಳಗಿನ ಬಸ್ಸಿಗೇ ಕುಲಗೋಡಕ್ಕೆ ಬಂದರು. ಸಾಲೆಯಲ್ಲಿ ಹೆಡ್‌ಮಾಸ್ತರರು ಒಳಗೆ ಮಗ್ಗಿ ಹೇಳಿಸುತ್ತಿದ್ದರು. ಪಡಸಾಲೆಯಲ್ಲಿ ಆರು ಮಕ್ಕಳು. ಕಿಟಕಿಯ ಬುಡದಲ್ಲಿ ಎಂಟು ವರ್ಷದ ಒಬ್ಬ ಹುಡುಗಿ, ತೊಡೆಗೊರಗಿ ಆರು ವರ್ಷದ ತಮ್ಮ, ಪಕ್ಕದಲ್ಲಿ ತಾಟು. ನವೆಂಬರಿನಿಂದ ದಿನವೂ ನೋಡಿದ ಹುಡುಗಿ. ಅಕ್ಕೋರು ಒಳಗೆ ಹೋಗಲಿಲ್ಲ. ಸೀರೆ ಒತ್ತಿಕೊಂಡು ಅವಳ ಪಕ್ಕ ನೆಲದ ಮೇಲೆ ಕೂತುಬಿಟ್ಟರು.

ಹುಡುಗಿ ಹೆದರಿ ಎದ್ದು ನಿಲ್ಲಲಿಲ್ಲ. ತಮ್ಮನನ್ನು ಎಳೆದುಕೊಂಡು ಒಂದು ಗೇಣು ಸರಿದು ಜಾಗ ಮಾಡಿಕೊಟ್ಟಳು.

"ಇಲ್ಲಿ ಕುಂದರ್ರಿ. ಅಲ್ಲಿಂದ ಕಾಣಂಗಿಲ್ಲ."

ಅಕ್ಕೋರು ಸರಿದು ಕೂತು ಸರಳುಗಳ ನಡುವೆ ಕಣ್ಣಿಟ್ಟರು. ಬೋರ್ಡು, ಅದರ ಬಲಕ್ಕೆ ಅಮೆರಿಕ, ಆಫ್ರಿಕ, ಆಮೇಲೆ ಕಪಾಟಿನ ಬೂದು ಬಣ್ಣ. ತಾವೇ ನಿಂತು ಬರೆಸಿದ ನಕ್ಷೆಯನ್ನು ಅವರು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹೊರಗಿನಿಂದ ನೋಡಿರಲಿಲ್ಲ.

"ನಿನ್ನ ಹೆಸರೇನವ್ವಾ?"

ಹುಡುಗಿ ಬೆಚ್ಚಿ ತಾಟನ್ನು ಹತ್ತಿರ ಎಳೆದುಕೊಂಡಳು. "ನಾವು ಏನೂ ಮಾಡಿಲ್ರಿ. ನಾಳಿ ಬರಬ್ಯಾಡ್ರಿ ಅಂತ ಸರ ಹೇಳ್ಯಾರ, ಬರಂಗಿಲ್ರಿ."

ಹೆಸರು ಕೇಳಿದರೆ ಅನ್ನ ಗಂಟಲಲ್ಲಿ ನಿಲ್ಲುತ್ತದೆ ಎಂದಿದ್ದರು ಸುಂದ್ರವ್ವ. ಇಲ್ಲಿ ಅನ್ನ ಬೇಕಿರಲಿಲ್ಲ, ಉಗುಳೇ ನಿಂತಿತು. "ಬರಬೇಕು ನಾಳಿ. ನಾನ ಕರಿಯಾಕತ್ತೇನಿ" ಎಂದರು. ಎರಡು ಸಲ ಹೇಳಿದ ಮೇಲೆ ಹುಡುಗಿ ಬಾಯಿಬಿಟ್ಟಳು. ಅವಳು ಐಶ್ವರ್ಯ, ತಮ್ಮ ಶುಭಮ್.

ಆರೂ ಹೆಸರು ಬರೆದುಕೊಂಡು ಒಳಗೆ ಹೋಗಿ ಹಾಜರಿ ಪುಸ್ತಕ ತೆರೆದರು. ಶಿವಪುತ್ರ ಸರ್ ಕಣ್ಣು ಕಣ್ಣು ಬಿಟ್ಟರು.

"ಏನ ಮಾಡಾಕತ್ತೀರಿ ಅಕ್ಕೋರ? ನೀವ ಹೇಳಿದ್ರೆಲಾ ಬರಬ್ಯಾಡ ಅನ್ರಿ ಅಂತ?"

"ಹೇಳಿದ್ದೆ. ತಪ್ಪ ಹೇಳಿದ್ದೆ."

"ಹೆಸರ ಹಚ್ಚೂದು ಸುಲಭ ಐತಿ, ತಗಿಯೂದು ತ್ರಾಸ. ಮಾರ್ಚಿನಾಗ ಹೋಗತಾರ, ನೋಟೀಸ ನನಗ ಬರತೈತಿ. ಅದೂ ಇವತ್ತ? ನಾಳಿ ಸಾಹೇಬರ ಮುಂದ ನಿಮ್ಮ ಪಾಠ ಐತಿ. ಎಲ್ಲಿಂದ ಬಂದ್ವು ಆರು ಮಕ್ಕಳು, ಇಷ್ಟ ದಿನ ಎಲ್ಲಿದ್ವು ಅಂದ್ರ ಏನ ಹೇಳತೀರಿ? ನಿಮ್ಮ ಹೆಸರ ಬೆಂಗಳೂರಿಗೆ ಹೋಗೂದು ಹೋಗಂಗಿಲ್ಲ, ನೋಡ್ರಿ."

ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅಕ್ಕೋರು ಪೆನ್ನಿನ ಟೊಪ್ಪಿಗೆ ಒಮ್ಮೆ ಹಾಕಿದರು, ಮತ್ತೆ ತೆಗೆದರು. ಆಸೆ ಎಂಬುದು ಐವತ್ತೆರಡಕ್ಕೂ ಸಾಯುವುದಿಲ್ಲ. ಆಮೇಲೆ ಮೂವತ್ತೊಂದನೆಯ ಹೆಸರಿನ ಕೆಳಗೆ ಮೂವತ್ತೆರಡು ಎಂದು ಹಾಕಿ, ಐಶ್ವರ್ಯ ಎಂದು ಬರೆದರು. "ಇಷ್ಟ ದಿನ ಎಲ್ಲಿದ್ವು ಅಂತ ಕೇಳ್ಲಿ. ಹೇಳತೇನಿ" ಎಂದರು. ಸಂಜೆ ಮಕ್ಕಳು ಹೋದ ಮೇಲೆ ಇಬ್ಬರೂ ಸೇರಿ ಕಪಾಟನ್ನು ದಬ್ಬಿ ಹಿಂದಿನ ಗೋಡೆಗೆ ಹಚ್ಚಿದರು. ಹೆಡ್‌ಮಾಸ್ತರರು ಗೊಣಗುತ್ತಲೇ ದಬ್ಬಿದರು, ಆದರೆ ದಬ್ಬಿದರು. ಅಕ್ಕೋರು ಗುಡಿಸಲಿಗೂ ಹೋಗಿ, ನಾಳೆ ಆರನ್ನೂ ಕಳಿಸಬೇಕೆಂದು ತಾಯಂದಿರಿಗೆ ಹೇಳಿ ಬಂದರು.

ಬೆಂಗಳೂರಿನ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಯಾಕೆಂದರೆ ಶುಕ್ರವಾರ ನಡೆದದ್ದರ ಮುಂದೆ ಅದು ದೊಡ್ಡ ಸಂಗತಿಯಲ್ಲ.

ಶುಕ್ರವಾರ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದೆ ಗೋಡೆಗುಂಟ ನಲವತ್ತು ಶಿಕ್ಷಕರು, ಕುರ್ಚಿಯಲ್ಲಿ ಸಾಹೇಬರು. ಅಕ್ಕೋರು ಹಾಜರಿ ಕರೆದರು. ಮೂವತ್ತೊಂದರವರೆಗೆ ಸಾಂಗವಾಗಿ ನಡೆಯಿತು. "ಐಶ್ವರ್ಯ" ಎಂದರು. ಸದ್ದಿಲ್ಲ. ಮತ್ತೆ ಕರೆದರು. ಒಳಗಿನ ಮಕ್ಕಳೆಲ್ಲ ಕಿಟಕಿಯ ಕಡೆ ನೋಡಿದರು. ಒಳಗೆ ಕೂಡಬೇಕೆಂದು ಹೇಳಲು ಯಾರಿಗೂ ನೆನಪಾಗಿರಲಿಲ್ಲ. ಆರೂ ಮಕ್ಕಳು ಬಂದು, ದಿನದ ಹಾಗೆ ಪಡಸಾಲೆಯಲ್ಲೇ ಕೂತಿದ್ದವು.

ಸರಳಿನ ಆಚೆಯಿಂದ ದನಿ ಬಂತು. "ಊಟದ ಹೊತ್ತ ಆತೇನ್ರಿ?"

ಸಾಹೇಬರ ಹುಬ್ಬು ಗಂಟಿಕ್ಕಿತು. ವಿದ್ಯಾ ಸುಮ್ಮನೆ ಹೊರಗೆ ಹೋಗಿ, ಆರನ್ನೂ ಕೈಹಿಡಿದು ಒಳಗೆ ಕರೆತಂದಳು. ಅವಳೂ ಆ ಕೋಣೆಗೆ ಕಾಲಿಟ್ಟದ್ದು ಅಂದೇ ಮೊದಲು.

"ಇವು ಹೊಸದಾಗಿ ಬಂದ ಮಕ್ಕಳೇನ್ರಿ?" ಎಂದು ಸಾಹೇಬರು ಕೇಳಿದರು.

"ಅಲ್ರಿ ಸರ. ನವೆಂಬರದಿಂದ ಪಡಸಾಲ್ಯಾಗ ಅದಾವ. ನಿನ್ನಿ ಹೆಸರ ಹಚ್ಚೇನಿ. ಇಪ್ಪತ್ತು ವರ್ಷದಿಂದ ಇಂಥಾ ಮಕ್ಕಳು ಬರಾಕತ್ತಾವ, ನಾನ ಹಚ್ಚಿದ್ದಿಲ್ಲ" ಎಂದರು ಅಕ್ಕೋರು. ಶಿವಪುತ್ರ ಸರ್ ಕಣ್ಣು ಮುಚ್ಚಿಕೊಂಡರು. ಸಾಹೇಬರು ಏನನ್ನೋ ಬರೆದುಕೊಂಡರು.

ನಲವತ್ತು ನಿಮಿಷಕ್ಕೆಂದು ಬರೆದಿಟ್ಟುಕೊಂಡ ಪಾಠ ಅಕ್ಕೋರ ತಲೆಯಿಂದ ಹಾರಿಹೋಗಿತ್ತು. ಮೊದಲ ಪ್ರಶ್ನೆಯೊಂದೇ ಉಳಿದಿತ್ತು. ನಕ್ಷೆಯ ಮೇಲೆ ನಮ್ಮ ದೇಶ ತೋರಿಸುವುದು. ಒಳಗಿನ ಮಕ್ಕಳು ನಾ ನಾ ಎಂದು ಕೈ ಎತ್ತಿದರು. ಎಂದೂ ಇಲ್ಲದ ಹಾಗೆ ಐಶ್ವರ್ಯಳ ಕೈಯೂ ಎದ್ದಿತು. ಇಷ್ಟು ದಿನ ನೋಡಿ ನೋಡಿ ಬಾಯಿಪಾಠವಾದ ನಕ್ಷೆ ಅದು, ಅವಳಿಗೆ ಹೆದರಿಕೆ ಏಕೆ? ನೆಟ್ಟಗೆ ನಡೆದು ಹೋಗಿ ಆಫ್ರಿಕದ ನಟ್ಟನಡುವೆ ಅಂಗೈ ಇಟ್ಟಳು.

"ಇದ್ರಿ. ಕಿಡಕ್ಯಾಗಿಂದ ದಿನಾ ನೋಡತೇನಿ."

ಮಕ್ಕಳು ಗೊಳ್ಳೆಂದು ನಕ್ಕರು. ಹಿಂದಿನ ಗೋಡೆಯಲ್ಲಿ ಒಬ್ಬರೂ ನಗಲಿಲ್ಲ. ಬುಧವಾರ ಎದ್ದು ನಿಂತು ಚಪ್ಪಾಳೆ ತಟ್ಟಿದ್ದ ಅಲ್ಲಪ್ಪ ಮಾಸ್ತರರು ನೆಲ ನೋಡಿದರು. ಐಶ್ವರ್ಯ ನಗುವಿಗೆ ಗಾಬರಿಯಾಗಿ ಅಕ್ಕೋರ ಮುಖ ನೋಡಿದಳು, ಆಮೇಲೆ ಗೋಡೆ ನೋಡಿದಳು. ಕಪಾಟು ಮರೆಮಾಡಿದ್ದ ಕಡೆ ಕಣ್ಣು ನಿಂತಿತು. ಅಲ್ಲಿ ಅವಳು ಎಂದೂ ಕಾಣದ ಅರ್ಧ ಜಗತ್ತಿತ್ತು. ಕೈ ತೆಗೆದು, ಮೆಲ್ಲಗೆ ಸರಿದು, ಸಮುದ್ರದೊಳಗೆ ಚೂಪಾಗಿ ಇಳಿದ ಆ ಒಂದು ದೇಶದ ಮೇಲೆ ಬೆರಳಾಡಿಸಿ, ಬಣ್ಣ ಹತ್ತಿತೇನೋ ಎಂದು ಬೆರಳ ತುದಿ ನೋಡಿಕೊಂಡಳು.

"ಅಕ್ಕೋರ, ಇದನ್ನ ಯಾವಾಗ ಬರದ್ರಿ?"

ಅಕ್ಕೋರು ಅವಳ ಎತ್ತರಕ್ಕೆ ಬಗ್ಗಿ ನಕ್ಷೆ ನೋಡಿದರು.

"ನಿನ್ನಿ ಸಂಜಿಕವ್ವಾ" ಎಂದರು.